ನೆಗೆಣ್ಣಿಯ ಬಿಳಿ ಬೆಳಕು

ಎರಡು ಸಾವಿರದ ಇಸವಿಯ ಆಸುಪಾಸು. ನನ್ನ ಮದುವೆಯಾದಾಗಿನಿಂದ ಅತ್ತೆ ಅನಗೋಳದ ನಮ್ಮ ಮನೆಯಲ್ಲೇ ಇದ್ದವರು. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದು ಅವರ ಸಂಜೆಯ ಕೆಲಸ. ಆ ವರ್ಷ ದಸರೆಗೆಂದು ಖಾನಾಪುರದ ಕಿರಿಯ ಮಗನ ಮನೆಗೆ ಹೋದವರು ದೀಪಾವಳಿ ಕಳೆದರೂ ಬರಲಿಲ್ಲ.

ಕರೆತರಲು ನಾನೇ ಹೋದೆ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಪಡಸಾಲೆಗೆ ಹೊಸ ಸಿಎಫ್‌ಎಲ್ ಬಲ್ಬ್ ಹಾಕಿಸಿದ್ದಳು. ಅದರ ಬಿಳಿ ಬೆಳಕಿನಲ್ಲಿ ಅತ್ತೆ ತಾವೇ ಸೂಜಿಗೆ ದಾರ ಪೋಣಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಅದು ನನ್ನ ಕೆಲಸವಾಗಿತ್ತು.

"ನೋಡವಾ, ಹಗಲಿದ್ದಂಗ ಐತಿ. ನಿಮ್ಮ ಮನ್ಯಾಗ ಕರಿ ದಾರ ಯಾವ್ದು, ನೀಲಿ ಯಾವ್ದು ತಿಳಿಯೂದಿಲ್ಲ," ಎಂದರು.

"ಕರೆಂಟೂ ಭಾಳ ಕಮ್ಮಿ ತಗೋತೈತ್ರಿ ಅಕ್ಕಾ," ಎಂದು ನೆಗೆಣ್ಣಿ ನಕ್ಕಳು.

ನನಗೆ ಮೈಯೆಲ್ಲ ಉರಿಯಿತು. ಅತ್ತೆ ಬರಲೊಪ್ಪಲಿಲ್ಲ. ಒಬ್ಬಳೇ ರೈಲು ಹತ್ತಿ, ದೇಸೂರು ನಿಲ್ದಾಣ ದಾಟಿದರೂ ನೆಗೆಣ್ಣಿಯನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಒಂದು ಬಲ್ಬ್ ತೋರಿಸಿ ನನ್ನ ಅತ್ತೆಯನ್ನು ಕಸಿದುಕೊಂಡಳಲ್ಲ!

ಮರುದಿನವೇ ಅಂಥದೇ ಬಲ್ಬ್ ತರಲು ಖಡೇಬಜಾರಿಗೆ ಹೋದೆ. "ಖೋಲಿ ಎಷ್ಟು ದೊಡ್ಡದೈತ್ರಿ? ಹಳದಿ ಬೆಳಕಿನವೂ ಬಂದಾವ," ಎಂದ ಅಂಗಡಿಯವ.

"ಬಿಳೀದ ಕೊಡ್ರಿ. ಅಕಿ ಮನ್ಯಾಗಿನದಕ್ಕಿಂತ ದೊಡ್ಡದಿರಬೇಕು ನೋಡ್ರಿ."

ಆಕೆ ಯಾರು, ಯಾವ ಮನೆ, ಅವನಿಗೇನು ಗೊತ್ತು? ಇದ್ದುದರಲ್ಲೇ ದೊಡ್ಡದನ್ನು ಕಟ್ಟಿಕೊಟ್ಟ. ಮನೆಯವರು ಅದನ್ನು ಜಂತಿಯಲ್ಲಿದ್ದ ಹಳೆಯ ಹೋಲ್ಡರಿಗೇ ಸಿಕ್ಕಿಸಿದರು. ಸುದ್ದಿ ಕೇಳಿ ಅತ್ತೆ ಬಂದರು. ಆದರೆ ನಮ್ಮದು ಎತ್ತರದ ಸೂರಿನ ಹಳೆಯ ಮನೆ. ಬೆಳಕೆಲ್ಲ ಮೇಲೆಯೇ ಉಳಿದು, ಅವರ ತೊಡೆಯ ಮೇಲಿನ ಬಟ್ಟೆ ಮಬ್ಬಾಗಿಯೇ ಇತ್ತು.

"ಅಲ್ಲೇ ಚಲೋ ಇತ್ತು," ಎಂದರು.

ಸಂಕ್ರಾಂತಿಗೆ ನೆಗೆಣ್ಣಿ ಬಂದವಳು ತಲೆಯೆತ್ತಿ ನೋಡಿದಳು. "ಅಕ್ಕಾ, ಭಾಳ ಮ್ಯಾಲಾತ್ರಿ. ಅತ್ತಿ ಕುಂದ್ರೂ ಕಡೆ ಗ್ವಾಡಿಗಿ ಹಚ್ಚಿಸ್ರಿ. ಇಷ್ಟು ದೊಡ್ಡದೂ ಬೇಕಾಗೂದಿಲ್ಲ, ಸಣ್ಣದ ಸಾಕು."

ಬೇಡ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಮನೆಯವರು ಸ್ಟೂಲು ಎಳೆದಾಗಿತ್ತು. ವೈರು ಇಳಿಸಿ, ಸಣ್ಣ ಬಲ್ಬ್ ತಂದು ಗೋಡೆಗೆ ಹಾಕಿದ ಮೇಲೆ ಬೆಳಕು ನೇರವಾಗಿ ಅತ್ತೆಯ ಕೈಮೇಲೆ ಬಿತ್ತು. ಅವರು ಮತ್ತೆ ಖಾನಾಪುರದ ಹೆಸರೆತ್ತಲಿಲ್ಲ.

ನನಗೆ ಬೇಕಾಗಿದ್ದೂ ಅದೇ. ಆದರೂ ಸಂಜೆ ಸ್ವಿಚ್ ಒತ್ತುವಾಗಲೆಲ್ಲ ನೆಗೆಣ್ಣಿಯ ಮಾತೇ ನೆನಪಾಗುತ್ತಿತ್ತು. ಒಮ್ಮೆ ಬಾಜು ಮನೆಯವರು, "ಭಾರೀ ಜಾಗಾ ನೋಡಿ ಹಚ್ಚೀರಿ," ಎಂದಾಗ, "ನಾನ ಹಚ್ಚಿಸೀನ್ರಿ," ಎಂದುಬಿಟ್ಟೆ.

ಅತ್ತೆ ಹೊಲಿಗೆಯಿಂದ ಕಣ್ಣೆತ್ತದೆ ಹೇಳಿದರು: "ಖರೇ ಅಂದ್ರ, ಸಣ್ಣ ಸೊಸಿ ಹೇಳಿಕೊಟ್ಲು."