ಕಂಡಕ್ಟರ್ ಸುಂದರಣ್ಣನ ಎಡ ಮೊಣಕಾಲು

ಕೊರೊನಾ ಕಳೆದು ಸಿಟಿ ಬಸ್ಸುಗಳಲ್ಲಿ ಮತ್ತೆ ನೂಕುನುಗ್ಗಲು ಶುರುವಾಗಿದ್ದ ವರ್ಷ. ಆಗ ನಾನು ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್. ಮೂಳೆ ವೈದ್ಯರು ಕಳುಹಿಸಿದ ಸುಂದರಣ್ಣ ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಒಳಗೆ ಬಂದರು. ವಯಸ್ಸು ಐವತ್ತೈದು, ಕಾವೂರು ಕಡೆಯ ಬಸ್ಸಿನಲ್ಲಿ ಕಂಡಕ್ಟರ್. ಎಡ ಮೊಣಕಾಲಿಗೆ ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲಿನೊಳಗಿನ ಮೃದ್ವಸ್ಥಿ ಸವೆದು ಬರುವ ನೋವು. ಶಸ್ತ್ರಚಿಕಿತ್ಸೆಯ ಹಂತ ಇನ್ನೂ ಬಂದಿರಲಿಲ್ಲ.

ನೋವಿಗಿಂತ ದೊಡ್ಡ ಚಿಂತೆ ಅವರಿಗೆ ಬೇರೆ ಇತ್ತು. "ಮಳೆಗಾಲ ಮುಗಿಯುವುದರೊಳಗೆ ಸರಿಯಾಗದಿದ್ರೆ ಬಸ್ಸಿನ ಧಣಿಗಳು ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂದುಹೋಗುವ ಟೈಮ್ ಬರೆಯಲಿಕ್ಕೆ ಕೂರಿಸ್ತಾರಂತೆ ಮೇಡಂ. ದಿನವಿಡೀ ಕುರ್ಚಿಯಲ್ಲಿ ಕೂತು ನಾನು ಎಂತ ಮಾಡ್ಲಿ?"

ನೋವಿದ್ದಾಗ ಅಲುಗಾಡಬಾರದೆಂದು ರಜೆ ಹಾಕಿದಾಗಲೆಲ್ಲ ಮಲಗಿಯೇ ಇದ್ದುದರಿಂದ ಅವರ ತೊಡೆಯ ಸ್ನಾಯು ಸೊರಗಿತ್ತು. ಅದು ಗಟ್ಟಿಯಾದಷ್ಟೂ ಕೀಲಿನ ಮೇಲಿನ ಹೊರೆ ಇಳಿಯುತ್ತದೆ. ಕೂತು ಕಾಲನ್ನು ನೇರ ಚಾಚಿ ಹಿಡಿಯುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಗಿಡ್ಡ ಮೆಟ್ಟಿಲು ಹತ್ತಿ ಇಳಿಯುವುದು, ಇಷ್ಟನ್ನು ಕಲಿಸಿದೆ. ಇಂಥ ಶಿಷ್ಯ ನನಗೆ ಸಿಕ್ಕಿದ್ದು ಕಡಿಮೆ. ಡ್ರೈವರ್ ಚಹಾಕ್ಕೆ ಇಳಿದರೆ ಇವರು ಹಿಂದಿನ ಸೀಟಿನಲ್ಲಿ ಕಾಲು ಚಾಚುತ್ತಿದ್ದರು. ಸ್ನಾಯು ಚೇತರಿಸಿಕೊಂಡಿತು. ಆದರೂ ಸಂಜೆಯಾದರೆ ಮೊಣಕಾಲು ಊದಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ನನ್ನ ತಲೆ ಕೆಟ್ಟುಹೋಯಿತು.

ಒಂದು ರಜೆಯ ದಿನ ಅವರ ಬಸ್ಸನ್ನೇ ಹತ್ತಿದೆ. ಮೊದಲ ಸ್ಟಾಪಿನಲ್ಲೇ ಉತ್ತರ ಸಿಕ್ಕಿತು. ಬಸ್ಸು ನಿಲ್ಲುವ ಮೊದಲೇ ಸುಂದರಣ್ಣ ಹಿಂದಿನ ಬಾಗಿಲಿನಿಂದ ಹಾರಿ, ಎಡಗಾಲಿನ ಮೇಲೆ ಇಳಿದು, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದರು. ಮುಂದಿನ ಸ್ಟಾಪಿನಲ್ಲೂ ಅದೇ. ನಮ್ಮ ಊರಿನ ಸಿಟಿ ಬಸ್ಸಿನವರಿಗೆ ಅದೊಂದು ಗತ್ತು. ನಾನು ಕಟ್ಟಿದ್ದನ್ನೆಲ್ಲ ಆ ಗತ್ತು ಸ್ಟಾಪಿಗೊಮ್ಮೆ ಕೆಡವುತ್ತಿತ್ತು.

ಕಾವೂರಿನಲ್ಲಿ ಬಸ್ಸು ಖಾಲಿಯಾದ ಮೇಲೆ, ಹಾರಿ ಇಳಿಯುವುದನ್ನು ಬಿಡಬೇಕೆಂದು ಹೇಳಿದೆ. ಸುಂದರಣ್ಣ ತಲೆ ತಗ್ಗಿಸಿದರು. "ನಿಂತ ಮೇಲೆ ಇಳಿದ್ರೆ ಟೈಮ್ ಹೋಗ್ತದೆ ಮೇಡಂ. ಧಣಿಗಳಿಂದ ರಫೀಕನಿಗೆ ಬೈಗುಳ."

ಡ್ರೈವರ್ ರಫೀಕ್ ಸ್ಟಿಯರಿಂಗ್ ಬಿಟ್ಟು ತಿರುಗಿದ. "ನಾನು ಗಾಡಿ ಪೂರ್ತಿ ನಿಲ್ಲಿಸ್ತೇನೆ, ನೀವು ಆಮೇಲೆ ಇಳಿಯಿರಿ ಅಣ್ಣ. ಬೈಗುಳ ನನಗಿರಲಿ."

ಬೇರೆ ಬಸ್ಸಿನವರು ಸುಮ್ಮನಿರಲಿಲ್ಲ. "ಅಜ್ಜ ಇಳಿಯುವುದು ನೋಡು ಮಾರಾಯ" ಎಂದು ಕಿಚಾಯಿಸಿದರು. ವ್ಯಾಯಾಮ ಯಾರಾದರೂ ಮಾಡಿಯಾರು. ಇಪ್ಪತ್ತರ ಹರೆಯದಿಂದ ಹೊತ್ತು ತಂದ ಗತ್ತನ್ನು ಎಲ್ಲರ ಕಣ್ಣೆದುರೇ ಬಿಡುವುದು ಸುಲಭವಲ್ಲ. ಅವರು ಬಿಟ್ಟರು, ಆ ನಗುವನ್ನು ನುಂಗಿಕೊಂಡರು. ಇವತ್ತಿಗೂ ನನಗೆ ಅವರ ಮೇಲೆ ಇರುವ ಗೌರವ ಅದಕ್ಕಾಗಿ.

ಸವೆದ ಕೀಲು ಹೊಸದಾಗಲಿಲ್ಲ, ಅದು ಆಗುವುದೂ ಇಲ್ಲ. ಆದರೆ ಊತ ಇಳಿಯಿತು, ನೋವು ಹತೋಟಿಗೆ ಬಂತು. ಮಳೆಗಾಲ ಮುಗಿಯಿತು, ಧಣಿಗಳು ಕುರ್ಚಿಯ ಮಾತೆತ್ತಲಿಲ್ಲ.

ರೋಗಿಯ ಮೊಣಕಾಲನ್ನು ಅದು ದುಡಿಯುವ ಜಾಗದಲ್ಲೂ ನೋಡಬೇಕೆಂದು ನಾನು ಕಲಿತದ್ದು ಆ ಬಸ್ಸಿನಲ್ಲಿ. ಈಗ ಯಾರೇ ಬರಲಿ, ಎಕ್ಸ್‌ರೇ ನೋಡಿದ ಮೇಲೆ ಅವರ ಕೆಲಸವನ್ನು ಒಮ್ಮೆ ಮಾಡಿ ತೋರಿಸಲು ಹೇಳುತ್ತೇನೆ.

ಕಳೆದ ತಿಂಗಳು ಮತ್ತೆ ಆ ಬಸ್ಸು ಹತ್ತಿದ್ದೆ. ಬಸ್ಸು ಪೂರ್ತಿ ನಿಂತ ಮೇಲೆ ಸುಂದರಣ್ಣ ಇಳಿದು, ಹಿಂದೆಯೇ ಅವಸರದಿಂದ ಇಳಿಯುತ್ತಿದ್ದ ವಯಸ್ಸಾದ ಹೆಂಗಸಿಗೆ ಕೈ ಕೊಟ್ಟರು.

"ನಿಧಾನ ಅಮ್ಮ. ಬಸ್ಸು ಕಾಯ್ತದೆ."

ಆಕೆ ರಸ್ತೆಯ ಬದಿ ಸೇರುವವರೆಗೂ ಅವರು ವಿಸಿಲ್ ಊದಲಿಲ್ಲ.