ಕೇಳಿದ್ದು ಎರಡೇ ಪ್ರಶ್ನೆ

ಮೊನ್ನೆ ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸುತ್ತಿದ್ದೆ. ಯಂತ್ರದಿಂದ ಹೊರಬಂದ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಅಂಗಡಿಯವರ ಮೇಲಲ್ಲ, ಅವರು ಪಾಪ ಚಿಲ್ಲರೆ ಹುಡುಕುತ್ತಿದ್ದರು. ನಿಮಗೂ ಹೀಗಾಗುತ್ತದೆಯೋ ಏನೋ, ನನ್ನ ಕೆಲವು ಸಿಟ್ಟುಗಳು ವಾಸನೆಗೆ ಅಂಟಿಕೊಂಡುಬಿಟ್ಟಿವೆ. ಈ ಸಿಟ್ಟು ನನ್ನ ತಂಗಿ ಮಾಲಿನಿಯ ಡೈವೋರ್ಸಿನ ಕಾಲದ್ದು.

ಮಾಲಿನಿಯ ಮದುವೆ ಆದದ್ದು ಸಾಗರದಲ್ಲಿ, ಸಂಸಾರ ಮಾಡಿದ್ದು ತೀರ್ಥಹಳ್ಳಿಯಲ್ಲಿ. ಗಂಡ ಕುಡಿಯುವವನಲ್ಲ, ಹೊಡೆಯುವವನಲ್ಲ. ಮಾತಾಡುವವನೂ ಅಲ್ಲ. ಮದುವೆಯಾದ ಎರಡನೇ ವರ್ಷ ಏನೋ ಸಣ್ಣ ವಿಷಯಕ್ಕೆ ಮುನಿಸಿಕೊಂಡು ಬಾಯಿ ಮುಚ್ಚಿದವನು ಅವಳ ಜೊತೆ ಮತ್ತೆ ಮಾತಾಡಲಿಲ್ಲ. ಏನಾದರೂ ಹೇಳುವುದಿದ್ದರೆ ತಾಯಿಯ ಮೂಲಕ. 'ಅಮ್ಮ, ನಾಳೆ ಬೇಗ ತಿಂಡಿ ಆಗ್ಬೇಕು ಅಂತ ಅವಳಿಗೆ ಹೇಳು.' ಅವಳು ಅಲ್ಲೇ ಎದುರಿಗೆ ನಿಂತು ಅವನಿಗೆ ಬಡಿಸುತ್ತಿರುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸತೊಡಗಿದ. ಒಟ್ಟು ಆರು ವರ್ಷ ಹೀಗೆ ನಡೆಯಿತು. ಒಂದು ದಿನ ಅವಳು ಎರಡು ಬ್ಯಾಗು ಹಿಡಿದು ಹೊಸನಗರಕ್ಕೆ, ನನ್ನ ಮನೆಗೆ ಬಂದಳು.

'ಅಕ್ಕ, ಎಂಗೆ ಡೈವೋರ್ಸ್ ಬೇಕು. ಎಲ್ಲಿ ಹೋಗಿ ಕೇಳವು? ಎಂತೆಂತ ಕಾಗ್ದ ಬೇಕು?'

ನೋಡಿ, ಪ್ರಶ್ನೆ ಎರಡೇ. ನಾನೋ ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಸುಪ್ರೀಂ ಕೋರ್ಟಿನಿಂದ ತಾಲೂಕು ಕೋರ್ಟಿನ ತನಕ ಏಣಿಯ ಚಿತ್ರವನ್ನು ಕಣ್ಣುಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. 'ಅಷ್ಟೇ ಅಲ್ದಾ, ನಾಳೆ ವಿಚಾರ್ಸಿರೆ ಆತು' ಎಂದೆ, ಬಹಳ ಗತ್ತಿನಿಂದ. ಆ ನಾಳೆ ಬರಲು ಎಂಟು ತಿಂಗಳು ಹಿಡಿಯಿತು.

ಮೊದಲು ಸಾಗರದಲ್ಲಿರುವ ನಮ್ಮ ದೊಡ್ಡಪ್ಪನನ್ನು ಕೇಳಿದೆವು. ಅವರಿಗೆ ಗೊತ್ತಿಲ್ಲದ ವಿಷಯವೇ ಇಲ್ಲ ಎಂದು ಮನೆಮಂದಿಗೆಲ್ಲ ನಂಬಿಕೆ.

'ಹೊಡದ್ನನೇ?'

'ಇಲ್ಲೆ' ಎಂದಳು ಮಾಲಿನಿ.

'ಮತ್ತೆಂತಕ್ಕೆ ಬಿಡದು? ಮಾತಾಡದೇ ಇಪ್ಪವು ಸಿಕ್ಕಿದ್ದೇ ಪುಣ್ಯ' ಎಂದು ದೊಡ್ಡಮ್ಮನ ಕಡೆ ನೋಡಿ ನಕ್ಕರು. ದೊಡ್ಡಮ್ಮ ನಗಲಿಲ್ಲ. ಕೊನೆಗೆ, ಎರಡು ದಿನ ವರದಹಳ್ಳಿಯ ಆಶ್ರಮಕ್ಕೆ ಹೋಗಿ ಇದ್ದು ಬಂದರೆ ಮನಸ್ಸು ಸಮಾಧಾನವಾಗುತ್ತದೆ ಎಂದರು. ಹೋದೆವು. ಮಾಲಿನಿಯ ಮನಸ್ಸು ನಿಜಕ್ಕೂ ಸಮಾಧಾನವಾಯಿತು. ಡೈವೋರ್ಸ್ ಬೇಕೇ ಬೇಕು ಎಂಬುದು ಆ ಸಮಾಧಾನದಲ್ಲಿ ಅವಳಿಗೆ ಇನ್ನಷ್ಟು ಸ್ಪಷ್ಟವಾಯಿತು.

ಆಮೇಲೆ ವಕೀಲರು. ತೀರ್ಥಹಳ್ಳಿಯಲ್ಲಿ ಕಂಡವರೊಬ್ಬರು, 'ಮದುವೆ ಸಾಗರದಲ್ಲಿ ಆಗಿದೆಯಲ್ಲ, ಅಲ್ಲೇ ಹಾಕ್ಬೇಕು' ಎಂದರು. ಸಾಗರಕ್ಕೆ ಹೋದರೆ ಅಲ್ಲಿ ಸಿಕ್ಕವರು, 'ವಾಸ ಇದ್ದಿದ್ದು ತೀರ್ಥಹಳ್ಳೀಲಿ ತಾನೆ? ಅಲ್ಲಿಗೆ ಹೋಗಿ' ಎಂದರು. ಒಂದೊಂದು ಸಲಕ್ಕೂ ನನ್ನದೊಂದು ರಜೆ, ಎರಡು ಬಸ್ಸು. ಮೊಬೈಲಿನಲ್ಲಿ ಹುಡುಕಿದೆ. ಹೊಂದಿಕೊಂಡು ಬಾಳುವುದು ಹೇಗೆಂದು ಯಾರೋ ನಲವತ್ತು ನಿಮಿಷ ಭಾಷಣ ಮಾಡಿದರು. ಮರುದಿನದಿಂದ ನನ್ನ ಮೊಬೈಲಿಗೆ ಮದುವೆ ಸೀರೆಯ ಜಾಹೀರಾತು ಬರತೊಡಗಿತು. ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ಬಾಯಿಬಿಟ್ಟೆ, ಅವರು ಜಾತಕ ತನ್ನಿ ಎಂದರು. ಜಗತ್ತಿನಲ್ಲಿ ಎಲ್ಲರ ಹತ್ತಿರವೂ ಬುದ್ಧಿಮಾತು ಇತ್ತು. ವಿಳಾಸ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಕಡೆಗೆ ಹೇಳಿದವರು ಸಾಗರದ ಒಂದು ಜೆರಾಕ್ಸ್ ಅಂಗಡಿಯ ಹೆಂಗಸು. ಲಗ್ನಪತ್ರಿಕೆ, ಮದುವೆ ಫೋಟೊ ಇವನ್ನೆಲ್ಲ ಮೂರನೇ ಸಲ ಪ್ರತಿ ಮಾಡಿಸಲು ಕೊಟ್ಟಾಗ ಆಕೆ ಮಾಲಿನಿಯ ಮುಖ ನೋಡಿ ಕೇಳಿದರು, 'ಈಗ ಎಲ್ಲಿದೀರಾ ನೀವು?'

'ಹೊಸನಗರದಲ್ಲಿ, ಅಕ್ಕನ ಮನೇಲಿ.'

'ಮತ್ತೆ ಇಲ್ಲಿಗ್ಯಾಕೆ ಅಲೀತೀರಾ ಮಾರಾಯ್ರೆ? ಅಲ್ಲೇ ಕೋರ್ಟಲ್ಲಿ ಉಚಿತ ಕಾನೂನು ನೆರವು ಅಂತ ಒಂದು ರೂಮಿರುತ್ತೆ. ಹೋಗಿ ಕೇಳಿ. ಹೆಂಗಸ್ರಿಗೆ ಫೀಸಿಲ್ಲ.'

ನಾಚಿಕೆಯ ಸಂಗತಿ ಹೇಳಿಬಿಡುತ್ತೇನೆ. ಆ ಕೋಣೆಯ ಬೋರ್ಡಿನ ಕೆಳಗೆ ನಾನು ನಿಂತಿದ್ದೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಕೋರ್ಟು ತೋರಿಸಲು ಹೋದಾಗ ಅಲ್ಲೇ ಸಾಲಾಗಿ ನಿಲ್ಲಿಸಿ ಹಾಜರಿ ತೆಗೆದಿದ್ದೆ. ಬೋರ್ಡು ಓದಿರಲಿಲ್ಲ.

ಒಳಗಿದ್ದ ವಕೀಲೆ ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸಿನವರು. ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದರು. ಹೆಂಡತಿ ತಾನು ಈಗ ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೂ ಅರ್ಜಿ ಹಾಕಬಹುದು. ಇಬ್ಬರೂ ಒಪ್ಪಿದರೆ ಜಂಟಿ ಅರ್ಜಿ, ಅದಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು, ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ಅವನು ಒಪ್ಪದಿದ್ದರೆ ಬೇರೆ ದಾರಿ ಇದೆ, ಹೆದರಬೇಡಿ. ಬೇಕಾದ ಕಾಗದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಹೊರಗೆ ಬಂದು ಜಗಲಿಯ ಮೇಲೆ ಕೂತ ಮಾಲಿನಿ ಬಿಕ್ಕಿಬಿಕ್ಕಿ ಅತ್ತಳು. ಆ ಆರು ವರ್ಷದಲ್ಲೂ ಹಾಗೆ ಅತ್ತವಳಲ್ಲ. 'ಇಷ್ಟೇಯನೇ ಅಕ್ಕ? ಇಷ್ಟ್ ಹೇಳಲೆ ಒಬ್ರೂ ಇತ್ವಿಲ್ಯನೇ?'

ಗಂಡನಿಗೆ ಪತ್ರ ಬರೆದಳು. ಉತ್ತರವಾಗಿ ಒಂದು ಚೀಟಿ ಬಂತು: 'ಒಪ್ಪಿಗೆ.' ಕೋರ್ಟಿನಲ್ಲಿ ನ್ಯಾಯಾಧೀಶರು ಕೇಳಿದಾಗ ಮಾತ್ರ ಚೀಟಿ ಕೊಡುವಂತಿರಲಿಲ್ಲ. 'ಹೌದು ಸ್ವಾಮಿ, ನನ್ನ ಒಪ್ಪಿಗೆ ಇದೆ' ಎಂದ. ನನ್ನ ಪಕ್ಕದಲ್ಲಿ ನಿಂತಿದ್ದ ಮಾಲಿನಿ ಒಮ್ಮೆ ತಲೆಯೆತ್ತಿ ಅವನನ್ನು ನೋಡಿದಳು. 'ಅತ್ತೆ ಹೋದ ಮೇಲೆ ಎನ್ನ ಎದ್ರು ಬಾಯಿಬಿಟ್ಟಿದ್ದು ಇವತ್ತೇಯ' ಎಂದು ಮನೆಗೆ ಬರುವಾಗ ಹೇಳಿದಳು.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಈಗ ಅವಳು ಇಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಎರಡು ಬೀದಿಯಾಚೆ ಬೇರೆ ಮನೆ ಮಾಡಿದ್ದಾಳೆ. ಜೆರಾಕ್ಸ್ ಮುಗಿಸಿ ಹೊರಟವಳು ಲ್ಯಾಬಿನ ಕಡೆ ಹೋದೆ. ಬಾಗಿಲಲ್ಲಿ ಒಬ್ಬ ಎಳೆ ಪ್ರಾಯದ ಹೆಂಗಸು ಕಣ್ಣೊರೆಸಿಕೊಂಡು ಹೊರಡುತ್ತಿದ್ದಳು. ಮಾಲಿನಿ ಅವಳ ಕೈಗೆ ಏನೋ ಬರೆದುಕೊಟ್ಟು, ಕೋರ್ಟಿನ ಕಡೆಯ ರಸ್ತೆಯನ್ನು ಬೆರಳು ಮಾಡಿ ತೋರಿಸಿದಳು.

ಆ ಹೆಂಗಸು ತಿರುವು ದಾಟಿದ್ದೇ ನಾನು ಕುತೂಹಲ ತಡೆಯಲಾರದೆ ಕೇಳಿದೆ, 'ಎಂತ ಆಯ್ದಡ ಅವಳಿಗೆ? ಗಂಡ ಎಂತ ಮಾಡಿದ್ನಡ?'

ಮಾಲಿನಿ ಕೈಗೆ ಹೊಸ ಗ್ಲೌಸ್ ಏರಿಸಿಕೊಳ್ಳುತ್ತಿದ್ದಳು.

'ಗೊತ್ತಿಲ್ಲೆ ಅಕ್ಕ. ಆನು ಕೇಳಿದ್ನಿಲ್ಲೆ' ಎಂದು ಒಳಗೆ ಹೋಗಿ ಮುಂದಿನವರ ಹೆಸರು ಕೂಗಿದಳು.