ಸ್ಕೂಟರು ತಿಂದ ಮೆಕ್ಕೆಜೋಳ

ಕುಲಶೇಖರದ ನಮ್ಮ ಮನೆಯಲ್ಲಿ ನನಗೆ ಎಚ್ಚರವಾಗುತ್ತಿದ್ದುದು ಅಲಾರಾಂನಿಂದಲ್ಲ, ವಾಸನೆಯಿಂದ. ಅಮ್ಮ ಹಿತ್ತಲಿನ ಒಲೆಯಲ್ಲಿ ಮೆಕ್ಕೆಜೋಳದ ಹುಡಿಯನ್ನು ಗಂಜಿತಿಳಿಯಲ್ಲಿ ಬೇಯಿಸುತ್ತಿದ್ದರು. ಆ ಹಬೆ ಕಿಟಕಿಯಿಂದ ಒಳಬಂದರೆ, ಅರೆನಿದ್ದೆಯಲ್ಲಿ ನಾನು ಜೋಳದ ಹೊಲದಲ್ಲೇ ಮಲಗಿದ್ದೇನೆ, ದನ ಪಕ್ಕದಲ್ಲಿ ಮೆಲುಕು ಹಾಕುತ್ತಿದೆ ಎನಿಸುತ್ತಿತ್ತು. ಜೋಳದ ಹೊಲವನ್ನು ನಾನು ಕಣ್ಣಾರೆ ಕಂಡವಳೇ ಅಲ್ಲ! ಸುತ್ತ ಫ್ಲ್ಯಾಟುಗಳೆದ್ದು ಹಿಡಿ ಹುಲ್ಲೂ ಉಳಿಯದ ಮೇಲೆ ಅಮ್ಮನ ಒಂದೇ ಒಂದು ದನ ಬದುಕಿದ್ದು ಆ ಹುಡಿಯ ಮೇಲೆ. ಅಪ್ಪ ಹೋದ ಮೇಲೆ ಅಮ್ಮ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದೂ ಅದರೊಡನೆ ಮಾತ್ರ.

ಹುಡಿ ತರುವ ಕೆಲಸ ನನ್ನದು. ಆಫೀಸಿನಿಂದ ಬರುವಾಗ ಹಂಪನಕಟ್ಟೆಯ ಹತ್ತಿರದ ಅಂಗಡಿಯಿಂದ ಸ್ಕೂಟರಿನಲ್ಲಿ ಚೀಲ ತರುತ್ತಿದ್ದೆ. ಹೋದಾಗಲೆಲ್ಲ ರೇಟು ಏರಿರುತ್ತಿತ್ತು. ಒಂದು ಸಂಜೆ ನನ್ನ ತಾಳ್ಮೆ ಕೆಟ್ಟಿತು.

"ಎಂತ ಮಾರಾಯ್ರೆ, ಇದು ಜೋಳವಾ ಬಂಗಾರವಾ?"

"ನಾನೆಂತ ಮಾಡುದು ಅಕ್ಕ?" ಅಂಗಡಿಯವರು ನಕ್ಕರು. "ಘಟ್ಟದ ಮೇಲಿನ ಜೋಳ ಎಲ್ಲ ಎಥನಾಲ್ ಫ್ಯಾಕ್ಟರಿಗೆ ಹೋಗ್ತಾ ಉಂಟು. ಪೆಟ್ರೋಲಿಗೆ ಬೆರೆಸ್ತಾರಲ್ಲ, ಅದಕ್ಕೆ. ಕೋಳಿ ಫಾರ್ಮಿನವರೂ ಬಾಯಿ ಬಡ್ಕೊಳ್ತಿದ್ದಾರೆ. ನಿಮ್ಮ ದನ ತಿನ್ನುದನ್ನು ನಿಮ್ಮ ಸ್ಕೂಟರೇ ತಿಂತದೆ!"

ಪಿತ್ತ ನೆತ್ತಿಗೇರಿತು. ಚೀಲವನ್ನು ಅದೇ ಸ್ಕೂಟರಿಗೇರಿಸಿ ಹೊರಟೆ. ಮರಳುವಾಗ ಮುಸ್ಸಂಜೆಯ ಮಬ್ಬಿನಲ್ಲಿ, ಸಿಗ್ನಲಿನಲ್ಲಿ ನಿಂತ ಬಸ್ಸು, ರಿಕ್ಷಾಗಳೆಲ್ಲ ತಲೆ ತಗ್ಗಿಸಿ ಮೆಲುಕು ಹಾಕುತ್ತಿರುವಂತೆ ಕಂಡವು.

ಹುಡಿ ಕೊಳ್ಳಲಾಗದಷ್ಟು ದುಬಾರಿಯಾದಾಗ, ಎಥನಾಲ್ ತೆಗೆದು ಉಳಿದ ಚರಟದ ಹಿಂಡಿ ಅಗ್ಗಕ್ಕೆ ಸಿಗುತ್ತದೆಂದು ಅದನ್ನೇ ತಂದೆ. ಹುಳಿ ವಾಸನೆಗೆ ದನ ಮುಖ ತಿರುಗಿಸಿತು. ಅಮ್ಮ ಬೆಲ್ಲ ಬೆರೆಸಿದರು, ಕೈಯಲ್ಲೇ ಬಾಯಿಗಿಟ್ಟರು, ತುಳುವಿನಲ್ಲಿ ಗದರಿದರು. ಊಹೂಂ. ಅದರ ಎಲುಬು ಕಾಣತೊಡಗಿದಾಗ ಅಮ್ಮನೇ ಅಂದರು, "ಹಸಿವಲ್ಲಿ ಕಟ್ಟಿಹಾಕುದು ಪಾಪ. ಹುಲ್ಲು ಇರುವವರಿಗೆ ಕೊಡುವ."

ಗುಡ್ಡೆಯಲ್ಲಿ ಮೇವಿರುವವರೊಬ್ಬರು ತಮ್ಮದೇ ಹೊಸ ಹಗ್ಗ ಹಿಡಿದು ಬಂದರು. ನಮ್ಮಲ್ಲಿ ದನ ಕೊಟ್ಟರೂ ಹಗ್ಗ ಕೊಡುವುದಿಲ್ಲ. ಹಗ್ಗ ದನದ ಹಟ್ಟಿಯಲ್ಲಿ ಉಳಿದರೆ ಇನ್ನೊಂದು ದನ ಬಂದೇ ಬರುತ್ತದೆಂದು ನಂಬಿಕೆ. ಅಮ್ಮ ಮಾತ್ರ ಹಳೆಯ ಹಗ್ಗವನ್ನೇ ಅವರ ಕೈಗಿತ್ತರು.

"ಅಯ್ಯೋ, ಹಗ್ಗ ಕೊಡ್ಲಿಕ್ಕಿಲ್ಲ ಅಮ್ಮ!" ಅವರು ಗಾಬರಿಯಾದರು. ಅಮ್ಮ ಕೇಳಿಸದವರಂತೆ ದನದ ಕೊರಳು ಸವರುತ್ತಿದ್ದರು.

ದನ ಗೇಟು ದಾಟಿದ ಮೇಲೆ ನಾನು ಅಳುತ್ತಲೇ ರೇಗಿದೆ. "ಹಗ್ಗ ಯಾಕಮ್ಮ ಕೊಟ್ಟದ್ದು?"

"ಹಗ್ಗ ಇದ್ರೆ ಇನ್ನೊಂದು ಬರ್ತದಲ್ಲ ಮಗಾ," ಅಂದರು ಅಮ್ಮ. "ಅದಕ್ಕೆ ತಿನ್ನಲಿಕ್ಕೆ ಎಂತ ಹಾಕುದು?"